ಕೇಳ್ರಿ ಹೇಳ್ತೀನಿ: ನಿಯತ್ತು ಯಾರ ರೊಕ್ಕದಾಗ ಉಳಿತದ?

ಈ ಸಲ ಬಂದ ಪತ್ರ ಎಲ್ಲಾ ರೊಕ್ಕದ್ದೇ. ಅತ್ತಿ ಸೊಸಿ ಜಗಳ, ಮದುವಿ ಕೂಡಿ ಬರವಲ್ದು ಅನ್ನೋವು ಎಲ್ಲಿ ಹೋದವೋ ಗೊತ್ತಿಲ್ಲ. ಐದು ಪತ್ರ ಆರಿಸೀನಿ, ಮೊದಲನೇದಕ್ಕೇ ಜಾಗ ಭಾಳ ಹೋಗ್ಯದ, ಉಳಿದವ್ರು ಬೇಜಾರ್ ಮಾಡ್ಕೋಬ್ಯಾಡ್ರಿ.

ಪ್ರಶ್ನೆ: ಸಾಹೇಬ್ರ ನಮಸ್ಕಾರ, ನಾ ಕಲಬುರಗಿ ಗಂಜ್‌ದಾಗ ರೈತರ ಮಾಲು ದಲಾಲಿ ಮ್ಯಾಲ ಮಾರಿಸೋ ಒಂದು ಅಡತ್ ದುಕಾನದಾಗ ಲೆಕ್ಕ ಬರಿತೀನಿ, ಹನ್ನೊಂದು ವರ್ಷ ಆಯ್ತು, ಪಗಾರ 14,000. ಮನಿ ಬಾಡಿಗಿ 4,500, ಇಬ್ರು ಮಕ್ಳ ಸಾಲಿ ಫೀಸು, ಅವ್ವಗ ಬಿಪಿ ಶುಗರ್ ಗುಳಿಗಿ. ಈ ತೊಗರಿ ಸೀಜನ್ ಚಾಲೂ ಆದಾಗಿಂದ ಮಾಲಕರು ಕ್ವಿಂಟಲಿಗಿ 2 ಕೆಜಿ ಕಡಿಮಿ ಬರಿ ಅಂತಾರ, ಕಾಟಾದ ಮ್ಯಾಲ ಬರೋದು ಒಂದು, ಪಟ್ಟಿದಾಗ ಬರಿಯೋದು ಒಂದು. ರೈತ ಕೇಳಿದ್ರ ಧೂಳು ಅದ, ಹಸಿ ಅದ, ಚೀಲದ ತೂಕ ಅಂತ ಏನಾರ ಹೇಳು ಅಂತಾರ. ವಾರಕ್ಕ 500 ರೂಪಾಯಿ ಚಾಪಾನಿಗಿ ಅಂತ ಬ್ಯಾರೆ ಕೊಡ್ತಾರ, ಎರಡು ವಾರ ತಗೊಂಡೀನಿ. ಮೊನ್ನಿ ನಮ್ಮ ಊರ ಕಡಿ ಮುದುಕರು ಒಬ್ರು 9 ಕ್ವಿಂಟಲ್ ತಂದಿದ್ರು. ಪಟ್ಟಿ ಕೈಗಿ ಕೊಟ್ರ ತಲಿಕೆಳಗ ಹಿಡ್ಕೊಂಡು ನೋಡಿದ್ರು, ಓದ್ಲಕ್ಕ ಬರಲ್ಲ ಅವ್ರಿಗಿ, ‘ನೀ ಬರ್ದೀಯಲ್ಲಪ್ಪಾ, ಸರಿನೇ ಇರ್ತದ’ ಅಂದು ಕಿಸೇದಾಗ ಇಟ್ಕೊಂಡು ಹೋದ್ರು. ಹೆಂಡ್ತಿಗಿ ಇನ್ನಾ ಹೇಳಿಲ್ಲ. ಕೆಲಸ ಬಿಟ್ರ ಬಾಡಿಗಿ ಹ್ಯಾಂಗ, ಬಿಡದಿದ್ರ ನಾ ಕಳ್ಳನೇ ಏನು?
— ಹೆಸರು ಬ್ಯಾಡ, ಕಲಬುರಗಿ

ಉತ್ತರ: ತಮ್ಮಾ, ನೀ ಲೆಕ್ಕ ಬರಿಯಾಂವ ಇದ್ದೀ ಅಂದ ಮ್ಯಾಲ ಮೊದಲ ಲೆಕ್ಕನೇ ಹಾಕೋಣು. ರೇಟ್ 7,000 ಅಂತ ಹಿಡಿ. ಕ್ವಿಂಟಲಿಗಿ ಎರಡು ಕೆಜಿ ಅಂದ್ರ 140 ರೂಪಾಯಿ. ಆ ಮುದುಕರ 9 ಕ್ವಿಂಟಲಿನಾಗ 1,260 ಹೋಯ್ತು. 2025-26ಕ್ಕ ಸರ್ಕಾರ ತೊಗರಿಗಿ ಇಟ್ಟ ಬೆಂಬಲ ಬೆಲಿ 8,000, ಅದಕ್ಕಿಂತ ಕಡಿಮಿಗಿ ಮಾರಿ ಹೋಗೋ ಮನುಷ್ಯಾನ ಕಿಸೇದಿಂದ ಮತ್ತ ಈ 1,260. ಮುಂಗಾರಿಗಿ ಬಿತ್ತಿ, ನೆಟೆ ರೋಗ ಬಂದು ಹಸರು ಗಿಡ ನಿಂತಲ್ಲೇ ಒಣಗೋದು ನೋಡಿ, ಉಳದಿದ್ದು ಪುಷ್ಯ ಮಾಸದ ಚಳಿಯಾಗ ಕೊಯ್ದು ರಾಶಿ ಮಾಡಿ, ಟೆಂಪೋ ಬಾಡಿಗಿ ಕೊಟ್ಟು ತಂದದ್ದು ಅದು. ನಮ್ಮ ತೊಗರಿ ಬ್ಯಾಳಿಗಿ 2019ರಾಗ ಜಿಐ ಟ್ಯಾಗ್, ಅಂದ್ರ ಇದು ಈ ನೆಲದ್ದೇ ಮಾಲು ಅನ್ನೋ ಸರ್ಕಾರಿ ಗುರುತು, ಸಿಕ್ತು ಅಂತ ನಾವೆಲ್ಲಾ ಎದಿ ಉಬ್ಬಿಸಿದೀವಿ, ಆ ಟ್ಯಾಗು ಪ್ಯಾಕೆಟಿನ ಮ್ಯಾಲ ಕುಂತದ, ಬೆಳದವನ ಪಟ್ಟಿ ಮ್ಯಾಲ ಕುಂತಿಲ್ಲ. ಇರ್ಲಿ, ಅದು ಬ್ಯಾರೆ ಸಿಟ್ಟು.

ಈಗ ಇನ್ನೊಂದು ಕಡಿ ನೋಡು. ಸೀಜನ್‌ದಾಗ ನಿಮ್ಮ ದುಕಾನಕ್ಕ ದಿನಾ 200 ಕ್ವಿಂಟಲ್ ಬರ್ತದ ಅಂತ ಹಿಡಿದ್ರ 4 ಕ್ವಿಂಟಲ್ ಪುಗಸಟ್ಟಿ, ಅಂದ್ರ ದಿನಕ್ಕ 28,000. ನಿನ್ನ ಎರಡು ತಿಂಗಳ ಪಗಾರ ಒಂದೇ ದಿನದಾಗ. ವಾರದಾಗ ಆರು ದಿನಕ್ಕ 1,68,000, ಅದ್ರಾಗ ನಿನ್ನ ಪಾಲು 500. ನಾ ನಿನಗ ಹೆಚ್ಚಿಗಿ ಕೇಳು ಅಂತ ಹೇಳ್ಲಕತ್ತಿಲ್ಲ ಮತ್ತ, ತಪ್ಪು ತಿಳ್ಕೋಬ್ಯಾಡ, ‘ಹೊಟ್ಟಿಪಾಡಿಗಿ ಮಾಡ್ಲಕತ್ತೀನಿ’ ಅಂತ ನಿನ್ನ ಮನಸ್ಸು ಹೇಳ್ತದಲ್ಲ, ಆ ಹೊಟ್ಟಿ ಯಾರ್ದು ಅಂತ ತೋರಸ್ಲಕತ್ತೀನಿ. ನಿಂದಂತೂ ಅಲ್ಲ.

ನಾ ದೊಡ್ಡ ಸಾಚಾ ಇದ್ದೀನಿ ಅಂತ ಈ ಖುರ್ಚಿ ಮ್ಯಾಲ ಕುಂತಿಲ್ಲ. ಹುಡುಗ ಇದ್ದಾಗ ಒಂದು ರೇಷನ್ ದುಕಾನದಾಗ ಕೆಲಸಕ್ಕಿದ್ದೆ, ಊರು ಬ್ಯಾಡ, ತಿಂಗಳಿಗಿ 250. ಆವಾಗ ಮನಿ ಮನಿಗಿ ಗ್ಯಾಸ್ ಇರ್ಲಿಲ್ಲ, ಚಿಮಣಿ ಎಣ್ಣಿಗಿ ಮಂದಿ ಡಬ್ಬಿ ಸಾಲಾಗಿ ಇಟ್ಟು ಕೂಡ್ತಿದ್ರು. ಬ್ಯಾರಲ್ ತುಂಬಿ ಒಳಗ ಇರ್ತಿತ್ತು, ಮಾಲಕ ನನ್ನ ಕೈಯಾಗ ಸುಣ್ಣದಕಡ್ಡಿ ಕೊಟ್ಟು ‘ಸ್ಟಾಕ್ ಇಲ್ಲ ಅಂತ ಬರಿ’ ಅಂತಿದ್ದ, ನಾ ಬರಿತಿದ್ದೆ, ನನ್ನ ಅಕ್ಷರ ಛಲೋ ಇತ್ತು. ರಾತ್ರಿ ಆ ಎಣ್ಣಿ ಲಾರಿಯವ್ರಿಗಿ ಡಬಲ್ ರೇಟಿಗಿ ಹೋಗ್ತಿತ್ತು. ಒಬ್ಬ ಮುದುಕಿ, ತಾಂಡಾದಿಂದ ನಡ್ಕೊಂಡು ಬರಾಕಿ, ಒಂದೇ ವಾರದಾಗ ಮೂರು ಸಲ ಬಂದು ಬೋರ್ಡ್ ನೋಡಿ ಏನ್ ಬರ್ದದಪ್ಪಾ ಅಂತ ನನ್ನೇ ಕೇಳಿದಳು, ಮೂರು ಸಲನೂ ಓದಿ ಹೇಳ್ದೆ. ನಾ ಬರೇ ಬೋರ್ಡ್ ಬರದವ, ಎಣ್ಣಿ ಮಾರಿದವ ಅವ, ಅಂತ ಭಾಳ ವರ್ಷ ಮನಸ್ಸಿಗಿ ಹೇಳ್ಕೊಂಡೆ. ನಿನ್ನ ಪತ್ರ ಓದಿದಾಗ ಆ ಮುದುಕಿ ಮತ್ತ ಬಂದು ಬೋರ್ಡಿನ ಮುಂದ ನಿಂತಳು ನೋಡು, ಮೂರು ದಿನ ಆಯ್ತು ಉತ್ತರ ಬರಿಲಾಕ್ ಆಗಿಲ್ಲ ನನಗ.

ಅದಕ್ಕ ನಾಳಿನೇ ಕೆಲಸ ಬಿಡು ಅಂತ ನಾ ಬರಿಯಂಗಿಲ್ಲ. ನಿಯತ್ತಿನಿಂದ ಇದ್ರ ದೇವ್ರು ಕೊಡ್ತಾನ ಅಂತನೂ ಬರಿಯಂಗಿಲ್ಲ, ಯಾಕಂದ್ರ ಕೊಡದೇ ಇದ್ದವ್ರನ್ನ ಭಾಳ ಮಂದಿನ್ನ ನೋಡೀನಿ. ಮೊದಲನೇ ಕೆಲಸ, ಇವತ್ತು ರಾತ್ರಿ ಹೆಂಡ್ತಿಗಿ ಹೇಳು. ನಿನ್ನ ನಿಯತ್ತಿನ ಬಿಲ್ಲು ಆಕೀನೂ ಕಟ್ಟಬೇಕಾಗ್ತದ, ಮಕ್ಳ ಟ್ಯೂಷನ್ ಬಿಡಸ್ಬೇಕಾಗ್ತದೋ ಅಥವಾ ತವರಮನಿದು ಬಂಗಾರ ಇಡಬೇಕಾಗ್ತದೋ, ಆಕಿನ್ನ ಕೇಳದೇ ನೀ ಒಬ್ಬನೇ ಹರಿಶ್ಚಂದ್ರ ಆದ್ರ ಹರಿಶ್ಚಂದ್ರನ ಹೆಂಡ್ತಿ ಮಗಂದು ಏನಾಯ್ತು ಅಂತ ಎಲ್ಲರಿಗೂ ಗೊತ್ತದ. ನನಗ ಅನಸ್ತದ, ಆಕಿ ನಿನಗಿಂತ ಗಟ್ಟಿ ಇರಬಹುದು.

ಎರಡನೇದು ಆ 500. ಈ ವಾರದಿಂದ ತಗೋಬ್ಯಾಡ. ಏನಾರ ನೆಪ ಹೇಳು, ಬ್ಯಾಡ್ರಿ ಮಾಲಕರ, ಪಗಾರದಾಗೇ ಹೆಚ್ಚ ಮಾಡ್ರಿ ಅನ್ನು, ಮಾಡದಿದ್ರೂ ಅಡ್ಡಿ ಇಲ್ಲ. ಪಗಾರದ ಸಲುವಾಗಿ ಹೇಳಿದ್ದು ಬರದವಗ ನಾಳಿ ‘ನಾ ಬರಿಯಲ್ಲ’ ಅನ್ಲಕ್ಕ ಬಾಯಿ ಇರ್ತದ, ಆ 500 ತಗೊಂಡವಗ ಇರಂಗಿಲ್ಲ, ಮಾಲಕರಿಗಿ ಅದು ಗೊತ್ತಿದ್ದೇ ಕೊಡ್ತಾರ.

ಮೂರನೇದು ಜರಾ ತಾಕತ್ ಬೇಕು. ತೂಕ ಕಾಟಾದಾಗ ಎಷ್ಟು ಬರ್ತದೋ ಅಷ್ಟೇ ಬರಿತೀನಿ, ನೀವು ಧೂಳಿಗಿ ಹಸಿಗಿ ಅಂತ ಕಡದ್ರ ಅದನ್ನ ಕೆಳಗ ಬ್ಯಾರೆ ಸಾಲಿನಾಗ ಬರಿತೀನಿ, ರೈತಗ ಕಾಣಲಿ, ಅಂತ ಹೇಳಿ ನೋಡು. ಮಾಲಕರು ಒದರ್ತಾರ. ಒದರ್ಲಿ. ಆವಾಗ ಮೆತ್ತಗ ಹೇಳು, ಮಾಲಕರ, ಅಕ್ಷರ ನಂದು, ನಾಳಿ ಚೆಕಿಂಗ್ ಬಂದ್ರ ನೀವು ನಾ ಬರಸಿಲ್ಲ ಅಂತೀರಿ, ತೂಕದಾಗ ಮೋಸ ಅಂದ್ರ 2009ರ ಕಾನೂನು ಮಾಪನ ಕಾಯ್ದೆ ಕೆಳಗ ಕೇಸ್ ಆಗ್ತದ, ನನಗ ಇಬ್ರು ಮಕ್ಳು ಅವ ಅಂತ. ಧರ್ಮದ ಮಾತು ಆಡಿದ್ರ ಮಾಲಕರಿಗಿ ಸಿಟ್ಟು ಬರ್ತದ, ಅಂಜಿಕಿ ಮಾತು ಆಡಿದ್ರ ಕೆಲವೊಮ್ಮಿ ಕೇಳ್ತಾರ. ಇದು ಸುಳ್ಳೂ ಅಲ್ಲ, ಖರೇನೇ ಅದ.

ಅಷ್ಟರಾಗ ಬ್ಯಾರೆ ಕಡಿ ಹುಡ್ಕು, ಬಾಯಿ ಮುಚ್ಕೊಂಡು ಹುಡ್ಕು. ಹನ್ನೊಂದು ವರ್ಷ ಲೆಕ್ಕ ಬರದವಗ ದಾಲ್ ಮಿಲ್ಲಿನಾಗ, ಗೊಬ್ಬರದ ದುಕಾನದಾಗ, ಜಿಎಸ್‌ಟಿ ಮಾಡೋ ಆಫೀಸಿನಾಗ ಕೆಲಸ ಇರ್ತದ, ಸೀಜನ್ ಮುಗಿಯೋದ್ರೊಳಗ ಸಿಗ್ತದ ಅಂತ ಗ್ಯಾರಂಟಿ ಕೊಡಲ್ಲ ನಾ. ಮೂರು ತಿಂಗಳ ಬಾಡಿಗಿ ಕೈಯಾಗ ಇಟ್ಕೊಂಡು ಬಿಡು, ಬಿಟ್ಟು ಇಟ್ಕೋಬ್ಯಾಡ.

ನೀ ಕಳ್ಳನೇ ಏನು ಅಂತ ಕೇಳೀದಿ. ಆ 1,260ರ ಮಟ್ಟಿಗಿ ಹೌದು. ಅವ್ರ ಊರು ನಿನಗ ಗೊತ್ತದ, ಒಂದೇ ಸಲ ಆಗ್ಲಿಲ್ಲ ಅಂದ್ರ ಎರಡು ಕಂತಿನಾಗ ಮುಟ್ಸು, ನೀ ತಗೊಂಡ ಸಾವಿರ ರೂಪಾಯಿಗಿ ಇನ್ನಾ 260 ಹಾಕಿದ್ರ ಆಯ್ತು. ಲೆಕ್ಕದಾಗ ತಪ್ಪಾಗಿತ್ರಿ ಅಪ್ಪಾರ ಅಂದ್ರ ಸಾಕು, ಅಷ್ಟು ಸುಳ್ಳು ನಡಿತದ. ಉಳಿದ ರೈತರಿಗಿ ಮುಟ್ಸೋದು ನಿನ್ನ ಕೈಯಾಗಿಲ್ಲ, ಅದು ನನಗೂ ಗೊತ್ತು.

ಪ್ರಶ್ನೆ: ಅಣ್ಣಾರ, ನಾ ಶಹಾಪುರ ತಾಲೂಕಿನಾಕಿ. ಓಣ್ಯಾಗಿನ ಹತ್ತು ಮಂದಿ ಹೆಣ್ಮಕ್ಳು ಕೂಡಿ ಫೈನಾನ್ಸಿನಾಗ ಗುಂಪು ಸಾಲ ತಗೊಂಡೀವಿ. ಒಬ್ಬಾಕಿ ಗಂಡ ಬೆಂಗಳೂರಿಗಿ ಗೌಂಡಿ ಕೆಲಸಕ್ಕ ಹೋದವ ರೊಕ್ಕ ಕಳಿಸಿಲ್ಲ, ಮೂರು ಕಂತು ಬಿದ್ದವ. ವಸೂಲಿ ಹುಡುಗ ‘ನೀವೇ ಹೋಗಿ ಆಕಿ ಮನಿ ಮುಂದ ಕೂಡ್ರಿ, ಇಲ್ಲಂದ್ರ ನಿಮ್ಗ್ಯಾರಿಗೂ ಮುಂದಿನ ಸಾಲ ಇಲ್ಲ’ ಅಂದ. ರಾತ್ರಿ ಒಂಬತ್ತರ ತನಕ ಕುಂತಿವಿ. ಆಕಿ ಮಗಳು, ನನ್ನ ಮಗಳ ಕ್ಲಾಸಿನಾಕೀನೇ, ಒಳಗಿಂದ ನಮಗೆಲ್ಲಾ ತಂಬಿಗಿಯಾಗ ನೀರು ತಂದು ಕೊಟ್ಟಳು. ಅವತ್ತಿಂದ ಆ ಹುಡುಗಿ ನಮ್ಮನಿಗಿ ಆಡ್ಲಕ್ಕ ಬರವಲ್ಲಳು. ನನ್ನ ಕಂತು ನಾ ಸರಿಯಾಗಿ ಕಟ್ಟೀನಿ, ನಂದೇನು ತಪ್ಪು?
— ಒಬ್ಬ ತಾಯಿ, ಯಾದಗಿರಿ ಜಿಲ್ಲಾ

ಉತ್ತರ: ತಂಗಿ, ನಿಂದೇನು ತಪ್ಪು ಅಂತ ಕೇಳೋ ಪತ್ರದಾಗೇ ಆ ತಂಬಿಗಿ ನೀರು ಬರ್ದೀಯವ್ವಾ, ಅಂದ ಮ್ಯಾಲ ನಿನಗ ಗೊತ್ತದ.

ಆದ್ರ ಆ ತಪ್ಪಿನಾಗ ದೊಡ್ಡ ಪಾಲು ನಿಂದಲ್ಲ. ಈ ಗುಂಪು ಸಾಲ ಹ್ಯಾಂಗ ನಡಿತದ ನೋಡು, ಹೊಲ ಒತ್ತಿ ಇಡಂಗಿಲ್ಲ, ಬಂಗಾರ ಇಡಂಗಿಲ್ಲ, ಜಾಮೀನು ಅಂದ್ರ ಹತ್ತು ಮಂದಿ ನೆರಿಹೊರಿಯವ್ರ ಮುಖಾಮುಖಿ, ಒಬ್ಬಾಕಿ ಕಟ್ಟಲಿಲ್ಲ ಅಂದ್ರ ಒಂಬತ್ತು ಮಂದಿ ಆಕಿ ಮ್ಯಾಲ ಬೀಳ್ತಾರ. ಅಂದ್ರ ಫೈನಾನ್ಸಿನವ ನಿಮ್ಮ ಓಣಿ ಮರ್ಯಾದಿನೇ ಒತ್ತಿ ಇಟ್ಕೊಂಡಾನ, ಬಡ್ಡಿ ಬ್ಯಾರೆ.

ಮತ್ತ ಅವ ಮಾಡಿದ್ದು ನಿಯಮಕ್ಕೂ ವಿರುದ್ಧ. ಆರ್‌ಬಿಐ 2022ರಾಗ ಮೈಕ್ರೋಫೈನಾನ್ಸಿಗಿ ನಿಯಮ ಮಾಡ್ಯದ. ವಸೂಲಿ ಮಾಡೋದು ಇಬ್ರೂ ಒಪ್ಪಿದ ಜಾಗದಾಗ, ಅಲ್ಲಿಗಿ ಒಂದಾದ ಮ್ಯಾಲೊಂದು ಎರಡು ಸಲ ಬರಲಿಲ್ಲ ಅಂದ್ರ ಮಾತ್ರ ಅವ್ರ ಸಿಬ್ಬಂದಿ ಮನಿಗಿ ಹೋಗಬಹುದು. ಮುಂಜಾನಿ 9ಕ್ಕಿಂತ ಮೊದಲ, ಸಂಜಿ 6ರ ಮ್ಯಾಲ ಫೋನ್ ಮಾಡಬಾರದು. ಸಾಲ ತಗೊಂಡವ್ರ ಬಳಗಕ್ಕ, ಗೆಳತ್ಯಾರಿಗಿ ಕಾಟ ಕೊಡಬಾರದು. ಮನಿಯವ್ರ ಎಲ್ಲಾ ಸಾಲದ ಕಂತು ಕೂಡಿ ತಿಂಗಳ ಆದಾಯದ ಅರ್ಧಕ್ಕಿಂತ ಜಾಸ್ತಿ ಆಗೋಹಂಗ ಸಾಲನೇ ಕೊಡಬಾರದು. ನಿಮ್ಮ ಓಣ್ಯಾಗ ಆ ಅರ್ಧ ಯಾರಾರ ಕೇಳಿ ಬರಕೊಂಡಿದ್ರೇನು? ಆರ್‌ಬಿಐದಾಗ ಹೆಸರು ಇಲ್ಲದ ಲೇವಾದೇವಿಯವ್ರ ಮ್ಯಾಲ 2025ರ ಫೆಬ್ರವರಿದಾಗ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, ಕಾಟ ಕೊಟ್ಟು ವಸೂಲಿ ಮಾಡಿದ್ರ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ನಿಮ್ಮ ಪಾಸ್‌ಬುಕ್ಕಿನ ಮ್ಯಾಲ ಕಂಪನಿ ಹೆಸರು ಏನದ ನೋಡಿ, ಓದ್ಲಕ್ಕ ಬರೋರ ಕಡಿಂದ ಮೊದಲ ಕಂಪನಿಗಿ ಬರದು ಕೊಡ್ರಿ, ತಿಂಗಳು ಕಾಯ್ರಿ, ಕೇಳಲಿಲ್ಲ ಅಂದ್ರ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗಿ. ರಾತ್ರಿ ಬಂದು ಗಲಾಟಿ ಮಾಡಿದ್ರ ಮಾತ್ರ ಸೀದಾ 112.

ಇದೆಲ್ಲಾ ಕಾಗದದ ಮಾತಾಯ್ತು. ಆಕಿ ಮನಿಗಿ ಹಗಲೊತ್ತಿನಾಗ ಒಬ್ಬಾಕೀನೇ ಹೋಗು. ರೊಕ್ಕ ಒಯ್ಬ್ಯಾಡ, ರೊಕ್ಕ ಒಯ್ದ್ರ ಮತ್ತ ಅದೇ ವಸೂಲಿ ಮಾತೇ ಬರ್ತದ. ಅವತ್ತು ಕುಂತಿದ್ದು ತಪ್ಪಾಯ್ತವ್ವಾ ಅನ್ನು, ಹುಡುಗಿ ಇದ್ದಾಗೇ ಅನ್ನು, ಆಕಿಗಿ ಕೇಳಸ್ಬೇಕು. ಮುಂದಿನ ಮೀಟಿಂಗಿನಾಗ ನೀವು ಒಂಬತ್ತೂ ಮಂದಿ ‘ನಾವು ಯಾರ ಮನಿ ಮುಂದೂ ಕೂಡಂಗಿಲ್ಲ’ ಅಂತ ಒಂದೇ ದನಿಲೇ ಹೇಳಿದ್ರ ಆ ಹುಡುಗ ಏನ್ ಮಾಡ್ತಾನ? ಪಾಪ ಅವನೂ 12-13 ಸಾವಿರಕ್ಕ ಬೈಕ್ ಹತ್ತಿ ತಿರಗವ, ಟಾರ್ಗೆಟ್ ಆಗ್ಲಿಲ್ಲ ಅಂದ್ರ ಅವನ ಕೆಲಸ ಹೋಗ್ತದ, ಅವಗೂ ಒಂದು ಪತ್ರ ಬರಿ ಅಂತ ಹೇಳ್ರಿ ನನಗ.

ಪ್ರಶ್ನೆ: ಹೋದ ಸಂಚಿಕಿದಾಗ ನೀವು ಆಯ್ದಕ್ಕಿ ಲಕ್ಕಮ್ಮನ ಕಥಿ ಬರ್ದಿರಿ, ಗಂಡ ಮಾರಯ್ಯ ದಿನದಕಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದ್ರ ಹೋಗಿ ಅಲ್ಲೇ ಸುರದು ಬಾ ಅಂದಾಕಿ ಅಂತ. ಲಕ್ಕಮ್ಮಗ ಇಎಂಐ ಇತ್ತೇನ್ರಿ? ಮಳಿ ಇಲ್ಲ, ಬೆಳಿ ಇಲ್ಲ, ಇಂಥಾ ಹೊತ್ತಿನಾಗ ಬಡವ್ರಿಗೇ ಯಾಕ್ ಈ ಕಥಿ ಹೇಳ್ತೀರಿ?
— ಸಿಟ್ಟಿಗೆದ್ದ ಓದುಗ, ಬಸವಕಲ್ಯಾಣ

ಉತ್ತರ: ಅಲ್ಲೇ ಕಲ್ಯಾಣದಾಗ ಕುಂತು ಬರ್ದೀರಿ, ನಿಮ್ ಸಿಟ್ಟಿಗಿ ಹಕ್ಕದ. ನಿಮ್ ಮಾತು ಅರ್ಧ ಒಪ್ಪಿದೆ, ಆ ಕಥಿ ನಾ ಹಸದವ್ರಿಗಿ ಹೇಳಬಾರದಿತ್ತು, ಉಂಡವ್ರಿಗಿ ಹೇಳಬೇಕಿತ್ತು. ಆದ್ರ ಕಥಿ ಇನ್ನೊಮ್ಮಿ ನೋಡ್ರಿ. ಆಕಿ ಸುರದು ಬಾ ಅಂದಿದ್ದು ಹೆಚ್ಚಿಂದು ಮಾತ್ರ. ಅವತ್ತಿನ ಅಡಿಗಿಗಿ ಎಷ್ಟು ಬೇಕೋ ಅದನ್ನ ವಾಪಸ್ ಕೊಡು ಅಂದಿಲ್ಲ, ಉಪಾಸ ಬೀಳೋಣು ಅಂದಿಲ್ಲ. ಎಷ್ಟು ಸಾಕು ಅನ್ನೋದು ಆಕಿ ಅಡಿಗಿಮನಿಯಾಗ ಕುಂತು ಹೇಳಿದಳು, ಹೊರಗಿನವ್ರು ಯಾರೂ ಬಂದು ಆಕಿಗಿ ಹೇಳಲಿಲ್ಲ, ನಾ ಪತ್ರಿಕಿದಾಗ ಕುಂತು ನಿಮಗ ಹೇಳಿದೆನಲ್ಲ, ಹಂಗ.

ನಮ್ಮವ್ವಂದು ಒಂದು ಮಾತು ಹೇಳ್ತೀನಿ. ಎಪ್ಪತ್ತೆರಡರ ಬರ ನೆಪ್ಪಿದ್ದವ್ರು ನಮ್ಮ ಕಡಿ ಇನ್ನಾ ಇದ್ದಾರ. ನಾವು ಐದು ಮಕ್ಳು, ಹಗೆವಿನಾಗ ತಳಕ್ಕ ಒಂದಿಷ್ಟು ಜೋಳ ಉಳದಿತ್ತು. ಬಾಜೂ ಮನಿಯಾಕಿ ಬುಟ್ಟಿ ಹಿಡ್ಕೊಂಡು ಬಂದ್ರ ಅವ್ವ ‘ಇಲ್ಲವ್ವಾ, ಹಗೆವು ಬರಿದಾಗ್ಯದ’ ಅಂದಳು. ನಾ ಅಲ್ಲೇ ಹೊಸ್ತಿಲದಾಗ ಕುಂತಿದ್ದೆ. ಸುಳ್ಳು ಅದು. ಮ್ಯಾಲಿನ ಮುನೀಮಗ ನಾ ಬೋರ್ಡಿಂದು ಹೇಳೀನಲ್ಲ, ಅದೂ ‘ಇಲ್ಲ’, ಇದೂ ‘ಇಲ್ಲ’. ಆದ್ರ ಅವ್ವ ಇಲ್ಲ ಅಂದದ್ದು ನಮ್ಮ ಐದು ಬಾಯಿಗಿ ಬಿತ್ತು, ನಾ ಇಲ್ಲ ಅಂತ ಬರ್ದಿದ್ದು ಇನ್ನೊಬ್ಬನ ಗಲ್ಲೇಕ್ಕ ಬಿತ್ತು. ಹಂಗಂತ ಆಕಿ ಅದನ್ನ ಅಷ್ಟಕ್ಕೇ ಬಿಡಲಿಲ್ಲ. ಮಳಿ ಚಾಲೂ ಆದ ಮ್ಯಾಲ, ಇರೋತನಕ, ಪ್ರತಿ ವರ್ಷ ಎಳ್ಳ ಅಮಾಸಿಗಿ ಸಜ್ಜಿ ರೊಟ್ಟಿ ಭಜ್ಜಿಪಲ್ಯ ಮೊದಲ ಆ ಬಾಜೂ ಮನಿಗಿ ಹೋಗಬೇಕು, ಆಮ್ಯಾಲ ಹೊಲಕ್ಕ ಚರಗ ಚೆಲ್ಲಲಕ್ಕ. ಯಾಕ ಅಂತ ಇಬ್ರೂ ಒಂದಿನಾನೂ ಮಾತಾಡಲಿಲ್ಲ.

ಪ್ರಶ್ನೆ: ಸರ್, ನನಗ 28, ಐದು ವರ್ಷದಿಂದ ಕಾಂಪಿಟೇಟಿವ್ ಎಕ್ಸಾಮ್ ಬರಿಲಕತ್ತೀನಿ. ಒಬ್ರು ‘ಸೆಟ್ಟಿಂಗ್ ಅದ, 8 ಲಕ್ಷ’ ಅಂತಾರ. ಅಪ್ಪ ಎರಡು ಎಕರೆ ಮಾರ್ತೀನಿ ಅಂತಾನ. ಎಲ್ಲರೂ ಮಾಡ್ತಾರ, ನಾ ಒಬ್ಬನೇ ಯಾಕ್ ಹಿಂದ ಬೀಳಬೇಕು?
— ಭಾಲ್ಕಿ

ಉತ್ತರ: ಎಲ್ಲರೂ ಮಾಡಂಗಿಲ್ಲ. 2021ರ ಅಕ್ಟೋಬರದಾಗ 545 ಪಿಎಸ್‌ಐ ಹುದ್ದೆಗಿ ಪರೀಕ್ಷೆ ಆಯ್ತಲ್ಲ, ಸುಮಾರು 54,000 ಮಂದಿ ಬರದಿದ್ರು. ಅಕ್ರಮ ಹೊರಗ ಬಂತು, ನಮ್ಮ ಕಲಬುರಗಿ ಹೆಸರು ದಿನಾ ಟಿವಿದಾಗ ಬಂತು, 2022ರ ಏಪ್ರಿಲದಾಗ ಆಯ್ಕೆ ಪಟ್ಟಿನೇ ರದ್ದು ಮಾಡಿದ್ರು. ಮರುಪರೀಕ್ಷೆ ಆಗಿದ್ದು 2024ರ ಜನವರಿದಾಗ. ಮಾಡಿದವ್ರು ಜೈಲಿಗಿ ಹೋದ್ರು ಬಿಡು, ಏನೂ ಮಾಡದೇ ಓದಿ ಪಾಸ್ ಆದವ್ರು ಎರಡು ವರ್ಷ ಮನ್ಯಾಗ ಕುಂತ್ರಲ್ಲ, ಕೆಲವ್ರಿಗಿ ಹೆಣ್ಣು ಕೊಡೋರೂ ಹಿಂದ ಸರದ್ರು, ನೀ ‘ಹಿಂದ ಬೀಳೋದು’ ಅಂದ್ರ ಅದು. ಇನ್ನ ಆ 8 ಲಕ್ಷದಾವ ನಾಳಿ ಫೋನ್ ಎತ್ತಲಿಲ್ಲ ಅಂದ್ರ ಯಾವ ಪೊಲೀಸ್ ಠಾಣಿಗಿ ಹೋಗಿ ಏನಂತ ಕಂಪ್ಲೇಂಟ್ ಬರಸ್ತೀ?

ಅಪ್ಪಗ ಹೊಲ ಮಾರಬ್ಯಾಡ ಅಂತ ಇವತ್ತೇ ಹೇಳು. 28 ಅಂದ್ರ ಜರಾ ಬ್ಯಾರೆ ಕೆಲಸನೂ ನೋಡ್ಕೋತಾ ಓದು, ಓದೋದೇ ಕೆಲಸ ಆಗಬಾರದು, ಇದು ಬೈಗುಳ ಅಲ್ಲ.

ಪ್ರಶ್ನೆ: ಕಿರಾಣಿ ದುಕಾನ ಅದ ನಂದು. ಉದ್ರಿ ಗಿರಾಕಿಗಿ ಸಕ್ಕರಿ, ರವಾ ಕೆಜಿಗಿ ಎರಡು ರೂಪಾಯಿ ಜಾಸ್ತಿ ಹಚ್ತೀನಿ, ಹೇಳಂಗಿಲ್ಲ. ಅವ್ರು ತಿಂಗಳುಗಟ್ಲೆ ರೊಕ್ಕ ಕೊಡಂಗಿಲ್ಲ, ನಾನೂ ಹೋಲ್‌ಸೇಲ್‌ದವ್ರಿಗಿ ಕಟ್ಟಬೇಕಲ್ಲ. ತಪ್ಪೇನ್ರಿ?
— ಚಿತ್ತಾಪುರ

ಉತ್ತರ: ಎರಡು ರೂಪಾಯಿ ತಪ್ಪಲ್ರಿ ಅಣ್ಣಾರ, ಹೇಳದಿದ್ದದ್ದು ತಪ್ಪು. ಉದ್ರಿ ರೇಟು ನಗದಿ ರೇಟು ಬ್ಯಾರೆ ಅಂತ ಒಂದು ರಟ್ಟಿನ ಮ್ಯಾಲ ಬರದು ತೂಗ ಹಾಕ್ರಿ, ಬೇಕಾದವ್ರು ತಗೋತಾರ, ಬ್ಯಾಡಾದವ್ರು ನಗದಿ ತರ್ತಾರ. ಪ್ಯಾಕೆಟ್ ಮಾಲಿಗಿ ಮಾತ್ರ ಎಂಆರ್‌ಪಿ ಮ್ಯಾಲ ಒಂದ್ ಪೈಸಾನೂ ಹಚ್ಬ್ಯಾಡ್ರಿ, ಉದ್ರಿ ಇರ್ಲಿ ನಗದಿ ಇರ್ಲಿ. ಗಂಡ ಊರಾಗಿಲ್ಲದ, ಕೂಲಿ ಸಿಗದ ಮನಿ ಎರಡೋ ಮೂರೋ ಇರ್ತಾವ ನಿಮ್ಮ ಓಣ್ಯಾಗ, ಅವ್ರಿಗಿ ರಟ್ಟು ಕಾಣದೇ ಇದ್ರೂ ನಡಿತದ.

ಮೊದಲನೇ ಪತ್ರ ಬರ್ದ ತಮ್ಮಗ ಇನ್ನೊಂದು ಮಾತು ಉಳಿತು. ಹೆಸರು ಬ್ಯಾಡ ಅಂತ ಬರ್ದೀ, ಲಕೋಟಿ ಹಿಂದ ನಿಮ್ಮ ದುಕಾನದ ಶಿಕ್ಕಾ ಬಿದ್ದಿತ್ತು. ಅದನ್ನ ಇಲ್ಲಿ ಯಾರಿಗೂ ತೋರಿಸದೇ ಹರದು ಒಲಿಗಿ ಹಾಕೀನಿ, ಮುಂದಿನ ಸಲ ಪೋಸ್ಟ್ ಆಫೀಸಿನ ಲಕೋಟಿ ತಗೊಂಡು ಬರಿ.